ಬೆನೆಟ್‌ವಿಲ್ ಎಂಬ ಹಾಳೂರು, ಅದರ ಮೇಲಿನ ಕೆರೆಗಳು: ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ?

ಹೇಮಾವತಿ ದಡ
ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಅಪ್ಪ ಅಮ್ಮ ಹಾಸನದಿಂದ ಬಂದು ಮೂರು ವಾರವಾಯಿತು. ಅಪ್ಪನಿಗೆ 68 ವರ್ಷ, ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವರು. ಅಮ್ಮನಿಗೆ 63, ಎಡಮಂಡಿ ನೋವು. ಸಮತಟ್ಟಾದ ದಾರಿಯಲ್ಲಿ ನಾಲ್ಕು ಕಿ.ಮೀ. ಆರಾಮವಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮಾತ್ರ ಹಿಂಜರಿಯುತ್ತಾರೆ.

ಮಾಲ್, ಸೇತುವೆ, ದೇವಸ್ಥಾನ ಎಲ್ಲ ಆಯಿತು. "ಇಲ್ಲಿಯ ಹಳೆಯದು ಏನಾದರೂ ತೋರಿಸು" ಎಂದು ಅಪ್ಪ ಕೇಳುತ್ತಿದ್ದಾರೆ. ಯೊಸೆಮಿಟಿ ಪಾರ್ಕಿನ ಪೂರ್ವದ ಅಂಚಿನಲ್ಲಿ ಟಿಯೋಗಾ ಪಾಸ್ ಎಂಬ ಘಾಟಿಯ ಹತ್ತಿರ ಬೆನೆಟ್‌ವಿಲ್ ಎಂಬ ಬೆಳ್ಳಿಗಣಿಯ ಊರಿತ್ತಂತೆ, ಈಗ ಯಾರೂ ಇಲ್ಲವಂತೆ, ಅಲ್ಲಿಂದ ಸ್ವಲ್ಪ ಮುಂದೆ ಎರಡು ಮೂರು ಕೆರೆಗಳಿವೆಯಂತೆ. ಹೋಗಿ ಬಂದವರು ದಯವಿಟ್ಟು ಹೇಳಿ: ದಾರಿ ನಿಜವಾಗಿಯೂ ಸುಲಭವೇ? ಉಳಿದಿರುವುದು ಎರಡೇ ಮನೆ ಎಂದು ಕೇಳಿದೆ. ಅಷ್ಟಕ್ಕಾಗಿ ಐದಾರು ಗಂಟೆ ಕಾರಿನಲ್ಲಿ ಕೂರಿಸುವುದು ಸರಿಯೇ?

ಕಾಲ್ನಡಿಗೆ
ಸುಲಭ. ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ. ಯೊಸೆಮಿಟಿ ಪಾರ್ಕಿನ ಒಳಗೆ ಇದಕ್ಕಿಂತ ಹಗುರವಾದ ಚಾರಣ ಮತ್ತೊಂದಿಲ್ಲ.

ನಕ್ಷೆಗಾರ
ಒಂದು ತಿದ್ದುಪಡಿ. ಬೆನೆಟ್‌ವಿಲ್ ಯೊಸೆಮಿಟಿಯ ಒಳಗಿಲ್ಲ. ಪೂರ್ವದ ಗೇಟು ದಾಟಿ ಸುಮಾರು ಮೂರು ಕಿ.ಮೀ. ಇಳಿದರೆ ಎಡಕ್ಕೆ ಸ್ಯಾಡಲ್‌ಬ್ಯಾಗ್ ಕೆರೆಯ ರಸ್ತೆ ಸಿಗುತ್ತದೆ. ಅದರ ಬಾಯಲ್ಲೇ ಜಂಕ್ಷನ್ ಕ್ಯಾಂಪ್‌ಗ್ರೌಂಡ್ ಇದೆ. ದಾರಿ ಶುರುವಾಗುವುದು ಅಲ್ಲಿಂದ, ಅದು ಇನ್ಯೋ ರಾಷ್ಟ್ರೀಯ ಅರಣ್ಯದ ಜಾಗ. ಹಾಗಾಗಿ ನಾಯಿಯನ್ನೂ ಕರೆದೊಯ್ಯಬಹುದು, ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ ಪರ್ಮಿಟ್ ಬೇಕಿಲ್ಲ.

ದೂರ: ಮನೆಗಳವರೆಗೆ ಸುಮಾರು 1.3 ಕಿ.ಮೀ. ಅಲ್ಲಿಂದ ಮೈನ್ ಕ್ರೀಕ್ ಎಂಬ ತೊರೆಯ ಗುಂಟ ಮುಂದೆ ಹೋದರೆ ಮೊದಲು ಶೆಲ್ ಲೇಕ್, ಆಮೇಲೆ ಫ್ಯಾನ್‌ಟೇಲ್ ಲೇಕ್. ಫ್ಯಾನ್‌ಟೇಲ್ ನೋಡಿ ವಾಪಸಾದರೆ ಒಟ್ಟು ಐದೂವರೆ ಕಿ.ಮೀ. ಆಗಬಹುದು. ಏರು ಇದೆ, ಆದರೆ ಹೆಚ್ಚೇನಿಲ್ಲ. ಬಂಡೆಗಳ ಮೇಲೆ ಹಾಯುವ ಜಾಗಗಳಲ್ಲಿ ಅಮ್ಮನಿಗೆ ಕೈಯಲ್ಲೊಂದು ಕೋಲು ಇರಲಿ.

ಫ್ರೀಮಾಂಟ್ ಡಾಕ್ಟರಮ್ಮ
"ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಾರಿ ಸುಲಭ ಇರಬಹುದು, ಎತ್ತರ ಸುಲಭವಲ್ಲ. ಟಿಯೋಗಾ ಪಾಸ್ 3,031 ಮೀಟರ್ ಎತ್ತರದಲ್ಲಿದೆ, ಬೆನೆಟ್‌ವಿಲ್ ಹೆಚ್ಚುಕಡಿಮೆ ಅದೇ ಮಟ್ಟ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ಕಿಲೋಮೀಟರ್ ಹತ್ತಿ ನಿಂತಂತೆ ಎಂದುಕೊಳ್ಳಿ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇಕಡಾ 70ರಷ್ಟು ಮಾತ್ರ. ಸನಿವೇಲ್‌ನಲ್ಲಿ ಬೆಳಗಿನ ತಿಂಡಿ ತಿಂದು ಮಧ್ಯಾಹ್ನಕ್ಕೆ ಅಲ್ಲಿ ಇಳಿದು ನಡೆಯತೊಡಗಿದರೆ ಮೂವತ್ತರ ಹುಡುಗರಿಗೂ ತಲೆನೋವು, ವಾಕರಿಕೆ ಬರುತ್ತದೆ.

ಹಿಂದಿನ ರಾತ್ರಿ ಘಾಟಿಯ ಪೂರ್ವಕ್ಕೆ ಕೆಳಗಿರುವ ಊರು ಲೀ ವೈನಿಂಗ್‌ನಲ್ಲಿ ಉಳಿಯಿರಿ. ಅದು ಸುಮಾರು 2,070 ಮೀಟರ್. ನಿದ್ದೆ ಮಾಡಿ, ನೀರು ಕುಡಿದು, ಬೆಳಗ್ಗೆ ನಿಧಾನವಾಗಿ ಮೇಲೆ ಹೋಗಿ. ಅಪ್ಪನಿಗೆ ರಕ್ತದೊತ್ತಡದ ಮಾತ್ರೆ, ಹೃದಯದ ತೊಂದರೆ ಏನಾದರೂ ಇದ್ದರೆ ಹೊರಡುವ ಮೊದಲು ಅವರ ವೈದ್ಯರನ್ನು ಕೇಳಿ. ತಲೆನೋವು ಶುರುವಾಗಿ ಹೆಚ್ಚುತ್ತಿದೆ ಎಂದಾದರೆ "ಕೆರೆ ಇನ್ನು ಇಷ್ಟೇ ದೂರ" ಎಂದು ಹುರಿದುಂಬಿಸಬೇಡಿ, ಕೆಳಗಿಳಿಯಿರಿ. ಹಿರಿಯರು ಮಕ್ಕಳ ಸಂತೋಷ ಕೆಡಿಸಬಾರದೆಂದು ಹೇಳದೆ ನುಂಗಿಕೊಳ್ಳುತ್ತಾರೆ. ನೀವೇ ಕೇಳಿ ಕೇಳಿ ತಿಳಿಯಬೇಕು.

ಕಾಲ್ನಡಿಗೆ
ಡಾಕ್ಟರಮ್ಮ, ಒಪ್ಪಿದೆ. ನನ್ನ ವಯಸ್ಸಿನ ಲೆಕ್ಕದಲ್ಲಿ ಹೇಳಿಬಿಟ್ಟೆ, ತಪ್ಪಾಯಿತು.

ಅಕ್ಕಿರೊಟ್ಟಿ
ಹಾಗಿದ್ದರೆ ಗೇಲರ್ ಲೇಕ್ಸ್ ಹೇಗೆ? ಅಲ್ಲಿಯೂ ಕಲ್ಲಿನ ಮನೆಗಳಿವೆಯಲ್ಲ?

ನಕ್ಷೆಗಾರ
ಇವೆ. ಮೇಲಿನ ಕೆರೆಯ ಮೇಲಿರುವ ಗುಡ್ಡದಲ್ಲಿ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮನೆ ಇದೆ, ಅದೂ ಬೆಳ್ಳಿಯ ಆಸೆಗೆ ಬಂದವರದ್ದೇ. ಆದರೆ ಪಾರ್ಕಿನ ಗೇಟಿನ ಪಕ್ಕದಿಂದ ಶುರುವಾಗುವ ಆ ದಾರಿ ಮೊದಲ ಅರ್ಧ ಗಂಟೆ ನೆಟ್ಟಗೆ ಹತ್ತುತ್ತದೆ, ಆಮೇಲೆ ಕೆರೆಗೆ ಇಳಿಯುತ್ತದೆ, ಬರುವಾಗ ಮತ್ತೆ ಹತ್ತಬೇಕು. ಮಂಡಿ ನೋವಿರುವವರಿಗೆ ಬೇಡವೇ ಬೇಡ.

ಬೋಡಿ ಪ್ರಿಯ
ನಾನು ಬೇರೆಯದನ್ನೇ ಹೇಳುತ್ತೇನೆ. ಇತಿಹಾಸದ ಮೇಷ್ಟ್ರಿಗೆ ಹಾಳೂರು ತೋರಿಸಬೇಕಾದರೆ ಬೋಡಿಗೆ ಕರೆದುಕೊಂಡು ಹೋಗಿ. ಚರ್ಚು, ಶಾಲೆ, ಅಂಗಡಿ, ಕಪಾಟಿನಲ್ಲಿ ಡಬ್ಬಿಗಳು, ಶಾಲೆಯ ಬೆಂಚುಗಳು, ಎಲ್ಲ ಇದ್ದ ಹಾಗೇ ಇವೆ. 1962ರಿಂದ ರಾಜ್ಯದ ಐತಿಹಾಸಿಕ ಉದ್ಯಾನ. ಹೊಸದಾಗಿ ಏನನ್ನೂ ಕಟ್ಟುವುದಿಲ್ಲ, ಇರುವುದು ಬೀಳದಂತೆ ಮಾತ್ರ ಕಾಪಾಡುತ್ತಾರೆ. ಬೆನೆಟ್‌ವಿಲ್‌ನಲ್ಲಿ ಎರಡು ಮರದ ಮನೆಗಳು, ಒಳಗೆ ಖಾಲಿ. ಐದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಬೆಳ್ಳಿ ತೆಗೆದರು, ಮುಗಿಯಿತು, ಹೋದರು. ಅಷ್ಟೇ ಕಥೆ.

ನಕ್ಷೆಗಾರ
ಬೋಡಿ ಚೆನ್ನಾಗಿದೆ, ವಾದವಿಲ್ಲ. ಆದರೆ ಕೊನೆಯ ವಾಕ್ಯ ಪೂರ್ತಿ ತಪ್ಪು. ಬೆನೆಟ್‌ವಿಲ್‌ನಲ್ಲಿ ಬೆಳ್ಳಿ ಮುಗಿಯಲಿಲ್ಲ, ಸಿಗಲೇ ಇಲ್ಲ. ಕಥೆಯೆಲ್ಲ ಅಲ್ಲಿದೆ.

1860ರಲ್ಲಿ ಆ ಕಡೆ ಬಂದ ಕೆಲವರು ಅದಿರಿನ ಎಳೆಯೊಂದನ್ನು ಕಂಡು, ಹಕ್ಕು ಗುರುತಿಸಿ ಹೋದರು, ಮತ್ತೆ ಬರಲಿಲ್ಲ. 1874ರಲ್ಲಿ ಕುರಿ ಕಾಯುವ ಹುಡುಗನೊಬ್ಬನಿಗೆ ತುಕ್ಕು ಹಿಡಿದ ಗುದ್ದಲಿ, ಸಲಿಕೆ ಸಿಕ್ಕವು. ಅದಕ್ಕೇ ಆ ಎಳೆಗೆ ಶೀಪ್‌ಹರ್ಡರ್ ಎಂಬ ಹೆಸರು ಬಂತು. 1881ರಲ್ಲಿ ಗ್ರೇಟ್ ಸಿಯೆರಾ ಕನ್ಸಾಲಿಡೇಟೆಡ್ ಸಿಲ್ವರ್ ಕಂಪನಿ ಹುಟ್ಟಿತು. ಹಣ ಬಂದದ್ದು ಬಹುಪಾಲು ಪೂರ್ವದ ಮ್ಯಾಸಚೂಸೆಟ್ಸ್ ಕಡೆಯಿಂದ. ಊರಿಗೆ ಕಂಪನಿಯ ಅಧ್ಯಕ್ಷ ಬೆನೆಟ್‌ನ ಹೆಸರು. 1882ರಲ್ಲಿ ಅಂಚೆ ಕಚೇರಿ ತೆರೆಯಿತು, ಅದೇ ವರ್ಷ ಮುಚ್ಚಿತು. 1882ರ ಹಿಮಗಾಲದ ಕೊನೆಯಲ್ಲಿ 16,000 ಪೌಂಡ್ ತೂಕದ ಯಂತ್ರಗಳನ್ನು, ಅಂದರೆ ಏಳು ಟನ್ನಿಗೂ ಹೆಚ್ಚು ಕಬ್ಬಿಣವನ್ನು, ಪಕ್ಕದ ಲಂಡಿ ಕಣಿವೆಯಿಂದ ಹಿಮದ ಮೇಲೆ ಜಾರುಬಂಡಿಗಳಲ್ಲಿ ಹಗ್ಗ, ರಾಟೆ ಹಾಕಿ ಎಳೆದು ತಂದರು. ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಆ ಯಂತ್ರಗಳಲ್ಲಿ ಬಂಡೆ ಕೊರೆದು 1,784 ಅಡಿ ಸುರಂಗ ಮಾಡಿದರು. 1884ರ ಬೇಸಿಗೆಯಲ್ಲಿ ಹಣ ನಿಂತಿತು, ಕೆಲಸ ನಿಂತಿತು. ಮಾರುವಂತಹ ಅದಿರು ಒಂದು ಬಂಡಿಯಷ್ಟೂ ಹೊರಗೆ ಬರಲಿಲ್ಲ. ಈಗ ನಿಂತಿರುವ ಎರಡು ಮನೆಗಳಲ್ಲಿ ಒಂದು ಅದಿರು ಪರೀಕ್ಷಿಸುವ ಕಚೇರಿ.

ಅಪ್ಪನವರಿಗೆ ಇದಿಷ್ಟನ್ನು ದಾರಿಯಲ್ಲಿ ಹೇಳಿ ಕರೆದುಕೊಂಡು ಹೋಗಿ. ಐದು ನಿಮಿಷದಲ್ಲಿ ಮುಗಿಯುವುದಿಲ್ಲ.

ಬೋಡಿ ಪ್ರಿಯ
ಇದು ನನಗೆ ತಿಳಿದಿರಲಿಲ್ಲ. ಎರಡು ಸಲ ಹೋಗಿದ್ದೇನೆ, ಮೀನು ಹಿಡಿಯುವವರ ಹಿಂದೆ ನೇರ ಕೆರೆಗೆ ಹೋಗಿಬಿಟ್ಟಿದ್ದೆ.

ಉರಿಗಾಂ ಮೊಮ್ಮಗ
ನಕ್ಷೆಗಾರರೇ, ಓದುತ್ತಾ ಮೈ ಜುಮ್ಮೆಂದಿತು. ನಾನು ಕೆಜಿಎಫ್‌ನವನು. ನನ್ನ ತಾತ ಚಾಂಪಿಯನ್ ರೀಫ್‌ನಲ್ಲಿ ನೆಲದೊಳಗೆ ಕೆಲಸ ಮಾಡಿದವರು. ಅದು ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಕೆಳಗೆ ಕಲ್ಲೇ ಸುಡುತ್ತಿತ್ತು ಎಂದು ತಾತ ಹೇಳುತ್ತಿದ್ದರು. ಬೆನೆಟ್‌ವಿಲ್‌ನವರು ಅರ್ಧ ಕಿಲೋಮೀಟರ್ ಕೊರೆದು ಬರಿಗೈಯಲ್ಲಿ ಹೋದರು. ನಮ್ಮಲ್ಲಿ 120 ವರ್ಷ ಚಿನ್ನ ಬಂತು, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಇಷ್ಟು ಕೊಟ್ಟ ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ಗುಡ್ಡಗಳು, ಬೆಳಗ್ಗೆ ಬೆಂಗಳೂರಿಗೆ ಹೊರಡುವ ರೈಲು.

ದಯವಿಟ್ಟು ಯಾರೂ ಕೆಜಿಎಫ್ ಅನ್ನು ಹಾಳೂರು ಎನ್ನಬೇಡಿ. ಪ್ರವಾಸದ ವಿಡಿಯೋಗಳಲ್ಲಿ ಹಾಗೆ ಬರೆಯುತ್ತಾರೆ, ಸಿಟ್ಟು ಬರುತ್ತದೆ. ಅಲ್ಲಿ ಜನ ಇದ್ದಾರೆ, ನನ್ನ ಅತ್ತೆ ಇದ್ದಾರೆ, ಸಂಜೆ ಮಕ್ಕಳು ಫುಟ್‌ಬಾಲ್ ಆಡುತ್ತಾರೆ.

ಅಕ್ಕಿರೊಟ್ಟಿ
ಅಂದ ಹಾಗೆ ಇದಕ್ಕೆ ಸರಿಯಾದ ಕನ್ನಡ ಯಾವುದು? ನನ್ನ ಮಗಳು "ದೆವ್ವದ ಊರು" ಎಂದಳು. ಆಮೇಲೆ ಕಾರಿನಿಂದ ಇಳಿಯಲು ಒಪ್ಪಲಿಲ್ಲ.

ಕಂದಾಯ ಕಡತ
ಹಾಳೂರು ಸರಿಯಾಗಿದೆ. "ಹಾಳೂರಿಗೆ ಉಳಿದವನೇ ಗೌಡ" ಎಂಬ ಗಾದೆಯೇ ಇದೆಯಲ್ಲ. ಸರ್ಕಾರಿ ದಾಖಲೆಯ ಮಾತೊಂದಿದೆ: ಬೇಚರಾಕ್ ಗ್ರಾಮ. ನಾನು ಕಂದಾಯ ಇಲಾಖೆಯಲ್ಲಿದ್ದಾಗ ದಿನವೂ ನೋಡುತ್ತಿದ್ದ ಪದ. ಊರಿನ ಹೆಸರಿದೆ, ಸರ್ವೆ ನಂಬರುಗಳಿವೆ, ಮನೆಗಳಿಲ್ಲ. ಫಾರಸಿಯಲ್ಲಿ ಚಿರಾಗ್ ಎಂದರೆ ದೀಪ, ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಸಂಜೆ ಹೊತ್ತಿಸುವ ದೀಪವಿಲ್ಲದ ಊರು. ಯಾರೋ ಗುಮಾಸ್ತ ಬರೆದಿಟ್ಟ ಮಾತಾದರೂ ಇದಕ್ಕಿಂತ ಚೆಂದದ ಹೆಸರು ನನಗೆ ಕಂಡಿಲ್ಲ. ಪ್ಲೇಗು, ಬರ, ನೀರು ಬತ್ತಿದ್ದು, ಕಾರಣ ಒಂದೊಂದು ಕಡೆ ಒಂದೊಂದು. ಎಷ್ಟೋ ಕಡೆ ಊರು ಹೋದರೂ ಹನುಮಂತರಾಯನ ಗುಡಿ ಉಳಿದಿರುತ್ತದೆ. ವರ್ಷಕ್ಕೊಮ್ಮೆ ಮೊಮ್ಮಕ್ಕಳು ಬಂದು ಪೂಜೆ ಮಾಡಿಸಿ ಹೋಗುತ್ತಾರೆ.

ಶರಾವತಿ ಹಿನ್ನೀರು
ಓದಿ ಸುಮ್ಮನಿರಲಾಗಲಿಲ್ಲ. ನನ್ನ ಅಜ್ಜಿಯ ಊರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಆಯಿತು. ನೀರು ಬರುತ್ತಿದ್ದಾಗ ಬಾಗಿಲಿನ ದಾರಂದವನ್ನು ಕಳಚಿ ಗಾಡಿಗೆ ಹೇರಿದರಂತೆ, ಕೊಟ್ಟಿಗೆಯ ದನಗಳು ಹೊಸ ಜಾಗದಿಂದ ವಾರಗಟ್ಟಲೆ ಹಳೆ ಊರಿನ ಕಡೆಗೇ ಓಡುತ್ತಿದ್ದವಂತೆ. ಮಳೆ ಕಡಿಮೆಯಾದ ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಮಡೆನೂರು ಅಣೆಕಟ್ಟು ಕಾಣಿಸಿಕೊಳ್ಳುತ್ತದೆ. ಜನ ಸೆಲ್ಫಿ ತೆಗೆದುಕೊಳ್ಳಲು ಹೋಗುತ್ತಾರೆ. ನಮ್ಮ ಮನೆಯವರು ಯಾರೂ ಹೋಗುವುದಿಲ್ಲ.

ಬೆನೆಟ್‌ವಿಲ್‌ನವರು ಹಣ ಹಾಕಿದರು, ಹಣ ಮುಗಿಯಿತು, ತಾವಾಗಿ ಹೊರಟರು. ಅದನ್ನು ನೋಡಿ ದುಃಖಪಡಲು ನನ್ನಿಂದ ಆಗುವುದಿಲ್ಲ. ಓಡಿಸಲ್ಪಟ್ಟವರ ಊರಿಗೂ ಕೈಸುಟ್ಟುಕೊಂಡವರ ಊರಿಗೂ ಒಂದೇ ಹೆಸರು ಇಡಬಾರದು.

ನಕ್ಷೆಗಾರ
ಹಿನ್ನೀರು ಅವರೇ, ಹಣ ಹಾಕಿದವರ ಬಗ್ಗೆ ನಿಮ್ಮ ಮಾತು ಸರಿ. ಕೆಲಸ ಮಾಡಿದವರ ಬಗ್ಗೆಯೂ ಒಂದು ಮಾತು ಹೇಳಬೇಕು. ಪಶ್ಚಿಮದಿಂದ ಆ ಗಣಿಗೆ 56 ಮೈಲಿ ಉದ್ದದ ಗಾಡಿ ರಸ್ತೆ ಮಾಡಿದರು. 1883ರಲ್ಲಿ, ಸುಮಾರು 130 ದಿನಗಳಲ್ಲಿ ಮುಗಿಯಿತು. ಬೆನ್ನು ಬಗ್ಗಿಸಿದವರಲ್ಲಿ ಹೆಚ್ಚಿನವರು ಚೀನೀ ಕೂಲಿಗಳು. ಅದರ ಹಿಂದಿನ ವರ್ಷವಷ್ಟೇ, 1882ರಲ್ಲಿ, ಅಮೆರಿಕ ಚೀನೀ ಕೂಲಿಗಳು ದೇಶದೊಳಗೆ ಬರಬಾರದೆಂದು ಕಾನೂನು ಮಾಡಿತ್ತು. ರಸ್ತೆ ಮುಗಿದ ಮರುವರ್ಷ ಗಣಿಯೇ ಮುಚ್ಚಿತು, ಅದಿರು ಹೊತ್ತ ಒಂದು ಗಾಡಿಯೂ ಅದರ ಮೇಲೆ ಹೋಗಲಿಲ್ಲ. 1915ರಲ್ಲಿ ಸ್ಟೀಫನ್ ಮ್ಯಾಥರ್ ತನ್ನ ಹಣ, ಸ್ನೇಹಿತರ ಹಣ ಸೇರಿಸಿ 15,500 ಡಾಲರಿಗೆ ಆ ರಸ್ತೆಯನ್ನು ಕೊಂಡು ಸರ್ಕಾರಕ್ಕೆ ಕೊಟ್ಟ. ಆಮೇಲೆ ರಾಷ್ಟ್ರೀಯ ಉದ್ಯಾನ ಸೇವೆಯ ಮೊದಲ ನಿರ್ದೇಶಕನಾದವನು ಅವನೇ. ಈಗಿನ ಟಿಯೋಗಾ ರಸ್ತೆಯನ್ನು 1961ರ ಹೊತ್ತಿಗೆ ಅಗಲ ಮಾಡಿ, ಕೆಲವು ಕಡೆ ದಿಕ್ಕು ಬದಲಿಸಿದರು. ಆದರೂ ನಾವೆಲ್ಲ ಕಾರಿನಲ್ಲಿ ಹೋಗುವುದು ಬಹುಮಟ್ಟಿಗೆ ಆ ಕೂಲಿಗಳು ಕಡಿದ ಹಾದಿಯಲ್ಲಿಯೇ. ನಾನು ಅಲ್ಲಿ ನೆನೆಯುವುದು ಅವರನ್ನು.

ಶರಾವತಿ ಹಿನ್ನೀರು
ಇದಕ್ಕೆ ನನ್ನ ಆಕ್ಷೇಪವಿಲ್ಲ. ಕೂಲಿಗಳ ಹೆಸರು ಎಲ್ಲಿಯಾದರೂ ಬರೆದಿದೆಯೇ?

ನಕ್ಷೆಗಾರ
ಆ ಊರಿನಲ್ಲಿ ನಾನು ನೋಡಿಲ್ಲ. ಯೊಸೆಮಿಟಿಯ ದಕ್ಷಿಣ ಅಂಚಿನಲ್ಲಿ ಸಿಂಗ್ ಪೀಕ್ ಎಂಬ ಶಿಖರವಿದೆ. ಅದು ಟೈ ಸಿಂಗ್ ಎಂಬ ಚೀನೀ ಅಡುಗೆಯವರ ಹೆಸರು. ಭೂ ಸರ್ವೇಕ್ಷಣೆಯ ತಂಡಗಳಿಗೆ ಬೆಟ್ಟದ ಮೇಲೆ ಅಡುಗೆ ಮಾಡುತ್ತಿದ್ದರು, 1915ರಲ್ಲಿ ಮ್ಯಾಥರ್‌ನ ಗುಂಪಿಗೂ ಅವರೇ ಬಡಿಸಿದವರು.

ಮೋನೋ ದಡ
ಎಲ್ಲರೂ 1860ರಿಂದ ಶುರು ಮಾಡುತ್ತಿದ್ದೀರಿ. ಅದಕ್ಕೂ ಬಹಳ ಮುಂಚಿನಿಂದ ಮೋನೋ ಸರೋವರದ ಬಳಿಯ ಕುಟ್ಜಾಡಿಕಾ ಜನ ಈ ಬೆಟ್ಟಗಳನ್ನು ದಾಟಿ ವ್ಯಾಪಾರ ಮಾಡುತ್ತಿದ್ದರು. ಸರೋವರದ ಉಪ್ಪುನೊಣದ ಕೋಶಗಳನ್ನು ಒಣಗಿಸಿ ತಿನ್ನುತ್ತಿದ್ದರು, ಮಾರುತ್ತಿದ್ದರು. ಅವರ ಹೆಸರಿನ ಅರ್ಥವೂ ಅದೇ. "ಕಂಡುಹಿಡಿದರು" ಎಂದು ಬರೆಯುವಾಗ ಅವರು ನೆನಪಿರಲಿ.

ಹೇಗೂ ಲೀ ವೈನಿಂಗ್‌ನಲ್ಲಿ ಉಳಿಯುವವರು ಮೋನೋ ಸರೋವರವನ್ನು ಬಿಡಬೇಡಿ. ಅಮ್ಮನವರು ಮರದ ಹಾದಿಯಲ್ಲಿ ನಡೆದು ಸುಣ್ಣದ ಕಂಬಗಳನ್ನು ನೋಡಬಹುದು. 1941ರಿಂದ ಲಾಸ್ ಏಂಜಲೀಸ್ ನಗರ ಇದರ ತೊರೆಗಳ ನೀರನ್ನು ತಿರುಗಿಸಿಕೊಂಡು ಸರೋವರ ಬತ್ತುತ್ತಾ ಹೋಯಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಇಂತಹ ನೀರು ಜನರ ಪರವಾಗಿ ಸರ್ಕಾರದ ಬಳಿ ನಂಬಿಕೆಯ ಮೇಲಿರುವ ಆಸ್ತಿ ಎಂದು ಹೇಳಿತು. ನಾನು ವಕೀಲಳು, ಇದು ನನಗೆ ಪ್ರಿಯವಾದ ವಿಷಯ: ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಮನಾಲಿಯ ಬಿಯಾಸ್ ನದಿಯ ಪ್ರಕರಣದಲ್ಲಿ ಈ ಮೋನೋ ತೀರ್ಪನ್ನು ಉದ್ಧರಿಸಿಯೇ ಆ ತತ್ವವನ್ನು ಭಾರತದ ಕಾನೂನಿಗೆ ತಂದಿತು. ಕೆರೆ ಒತ್ತುವರಿಯ ವಿರುದ್ಧ ಬೆಂಗಳೂರಿನಲ್ಲಿ ಹೋರಾಡುವವರಿಗೆ ಆ ಉಪ್ಪಿನ ದಡದ ಋಣವಿದೆ.

ಬಿಡುವಿಲ್ಲದವ
ಚರ್ಚೆ ಎಲ್ಲಿಂದ ಎಲ್ಲಿಗೆ ಹೋಯಿತು! ಪಾಪ, ಅವರು ಕೇಳಿದ್ದು ದಾರಿ ಸುಲಭವೇ ಎಂದು. ಕೆಲಸಕ್ಕೆ ಬರುವ ನಾಲ್ಕು ಮಾತು ನಾನು ಹೇಳುತ್ತೇನೆ.

ಹೋಗುವ ಮೊದಲು ರಸ್ತೆ ತೆರೆದಿದೆಯೇ ನೋಡಿ. ಟಿಯೋಗಾ ರಸ್ತೆ ಸಾಮಾನ್ಯವಾಗಿ ನವೆಂಬರಿನಿಂದ ಮೇ ಕೊನೆಯವರೆಗೆ ಹಿಮದಲ್ಲಿ ಮುಚ್ಚಿರುತ್ತದೆ. 2023ರಲ್ಲಿ ಜುಲೈ 22ರವರೆಗೂ ತೆರೆಯಲಿಲ್ಲ. ನಾವು ಆ ವರ್ಷ ಜುಲೈ ಮೊದಲ ವಾರಕ್ಕೆ ರಜೆ ಹಾಕಿ ಕುಳಿತಿದ್ದೆವು. ಜುಲೈನಲ್ಲಿ ಸೊಳ್ಳೆ ವಿಪರೀತ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ವಾಸಿ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಕೆರೆಯ ಬಳಿ ಬಯಲು, ಆದ್ದರಿಂದ ಬೆಳಗ್ಗೆಯೇ ಮುಗಿಸಿ. ಕ್ಯಾಂಪ್‌ಗ್ರೌಂಡಿನಲ್ಲಿ ಶೌಚಾಲಯವಿದೆ, ಕುಡಿಯುವ ನೀರಿನ ನಲ್ಲಿ ಇಲ್ಲ, ನೀರು ಹೊತ್ತು ಹೋಗಿ.

ಅಕ್ಕಿರೊಟ್ಟಿ
ಊಟದ ಬಗ್ಗೆ ನಾನು ಹೇಳುತ್ತೇನೆ. ನಾವು ಜಂಕ್ಷನ್‌ನಲ್ಲಿ ಡೇರೆ ಹಾಕಿ ಪಾತ್ರೆಯಲ್ಲಿ ಅನ್ನಕ್ಕಿಟ್ಟೆವು. ಒಂದು ಗಂಟೆಯಾದರೂ ಅಕ್ಕಿಯ ನಡು ಬೇಯಲಿಲ್ಲ. ಆ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಬೇಕೇ ಬೇಕು. ಇಲ್ಲವಾದರೆ ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೋಗಿ. ತಿಂಡಿಯ ಡಬ್ಬಿಯನ್ನು ಕಾರಿನಲ್ಲಿ ಬಿಡಬೇಡಿ, ಕರಡಿಗಳಿವೆ, ಕಬ್ಬಿಣದ ಪೆಟ್ಟಿಗೆಯಲ್ಲಿಡಿ.

ಗಡಿ ದಾಟಿದವ
ಮುಖ್ಯವಾದದ್ದನ್ನು ಯಾರೂ ಹೇಳಲಿಲ್ಲ. 2026ರ ಜನವರಿ 1ರಿಂದ ಯೊಸೆಮಿಟಿ ಸೇರಿ 11 ರಾಷ್ಟ್ರೀಯ ಉದ್ಯಾನಗಳಲ್ಲಿ 16 ವರ್ಷ ಮೇಲ್ಪಟ್ಟ ವಿದೇಶಿ ಪ್ರವಾಸಿಗರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ಅಪ್ಪ ಅಮ್ಮ ಪ್ರವಾಸಿ ವೀಸಾದಲ್ಲಿ ಬಂದಿದ್ದರೆ ಪಾರ್ಕಿನೊಳಗಿಂದ ಹಾಯುವ ಮೊದಲು ಇದನ್ನು ಲೆಕ್ಕ ಹಾಕಿ. ಬೆನೆಟ್‌ವಿಲ್ ಪಾರ್ಕಿನ ಹೊರಗಿದೆ ಎಂದು ನಕ್ಷೆಗಾರರು ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 108ನೆಯ ಹೆದ್ದಾರಿಯಲ್ಲಿ ಸೊನೋರಾ ಪಾಸ್ ಹತ್ತಿ, 395ಕ್ಕೆ ಇಳಿದು ಲೀ ವೈನಿಂಗ್ ಸೇರಬಹುದು. ಬೋಡಿಯ ತಿರುವೂ ಅದೇ ದಾರಿಯಲ್ಲಿ ಸಿಗುತ್ತದೆ. ಆದರೆ ಆ ಪಾಸಿನ ರಸ್ತೆ ಬಹಳ ಕಡಿದು, ಕಾರಿನಲ್ಲಿ ವಾಂತಿ ಆಗುವವರಿದ್ದರೆ ನಿಂಬೆಹಣ್ಣು ಇಟ್ಟುಕೊಳ್ಳಿ.

ಹೇಮಾವತಿ ದಡ
ಇಷ್ಟೊಂದು ಮಾಹಿತಿ ಕೊಟ್ಟಿದ್ದೀರಿ, ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಬೇಚರಾಕ್ ಎಂದ ಕೂಡಲೇ ನಮ್ಮ ಅಜ್ಜನ ಊರಿನ ಪಕ್ಕದ ಇಂತಹುದೇ ಒಂದು ಊರನ್ನು ಹೇಳಿದರು. ಇಷ್ಟು ವರ್ಷ ನನಗೆ ಅದು ಗೊತ್ತೇ ಇರಲಿಲ್ಲ. ಸೊನೋರಾ ದಾರಿಯಲ್ಲಿ ಹೋಗಿ ಎರಡು ರಾತ್ರಿ ಲೀ ವೈನಿಂಗ್‌ನಲ್ಲಿ ಉಳಿಯುತ್ತೇವೆ. ಬಂದು ಬರೆಯುತ್ತೇನೆ.

ಉರಿಗಾಂ ಮೊಮ್ಮಗ
ಸುರಂಗದ ಬಾಯಿಯ ಹತ್ತಿರ ತುಕ್ಕು ಹಿಡಿದ ಯಂತ್ರಗಳಿವೆ. ಹೊರಗಿನಿಂದ ನೋಡಿ, ಯಾವ ಹಳೆಯ ಗಣಿಯ ಒಳಗೂ ಇಣುಕಬೇಡಿ. ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಒಂದು ಮೊಳೆಯನ್ನೂ ಎತ್ತಿಕೊಂಡು ಬರಬೇಡಿ.

ಹೇಮಾವತಿ ದಡ
ಹೋಗಿ ಬಂದೆವು. ಹೊರಟದ್ದು ಬೆಳಗ್ಗೆ ಎಂಟೂವರೆಗೆ. ಮನೆಗಳವರೆಗೆ ಒಂದು ಗಂಟೆ ಹಿಡಿಯಿತು, ನಾಲ್ಕು ಕಡೆ ಕುಳಿತೆವು. ಅಮ್ಮನ ಮಂಡಿ ಏನೂ ಅನ್ನಲಿಲ್ಲ. ಅಪ್ಪನಿಗೆ ತಲೆ ಸ್ವಲ್ಪ ಭಾರವಾಗಿತ್ತು. ಡಾಕ್ಟರಮ್ಮ ಹೇಳಿದ ಹಾಗೆ ಕೇಳಿ ಕೇಳಿದೆ, ಮೂರನೆಯ ಸಲ ಒಪ್ಪಿಕೊಂಡರು. ಹಾಗಾಗಿ ಫ್ಯಾನ್‌ಟೇಲ್ ಬಿಟ್ಟು ಶೆಲ್ ಲೇಕ್‌ನಲ್ಲಿಯೇ ನಿಂತೆವು.

ಆ ಕೆರೆ ದೊಡ್ಡದೇನಲ್ಲ, ನೀರಿನ ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತವೆ. ಎದುರಿಗೆ ಮೌಂಟ್ ಡೇನಾ, ಕೆಮ್ಮಣ್ಣಿನ ಬಣ್ಣ. ಅಮ್ಮ ಅಲ್ಲಿಯೇ ಡಬ್ಬಿ ತೆರೆದರು. ಮಾರ್ಮಟ್ ಎಂಬ ದೊಡ್ಡ ಅಳಿಲಿನಂತಹ ಪ್ರಾಣಿಯೊಂದು ಬಂಡೆಯ ಮೇಲೆ ಬಂದು ಸೀಟಿ ಹೊಡೆಯುತ್ತಲೇ ಇತ್ತು, ಏನೂ ಕೊಡಲಿಲ್ಲ. ಬರುವಾಗ ಅಪ್ಪ ಅದಿರು ಪರೀಕ್ಷೆಯ ಕಚೇರಿಯ ಒಳಗೆ ಹೋಗಿ ಬಹಳ ಹೊತ್ತು ನಿಂತಿದ್ದರು. ಹಲಗೆಗಳ ಸಂದಿಯಿಂದ ಗಾಳಿ ಬರುತ್ತದೆ. "ಇಲ್ಲಿ ಕೂತವನು ದಿನವೂ ಇಲ್ಲ, ಇಲ್ಲ ಎಂದು ಬರೆಯಬೇಕಾಗಿತ್ತಲ್ಲ" ಎಂದರು. ಸಂಜೆ ಮೋನೋ ದಡಕ್ಕೆ ಹೋಗುವವರೆಗೂ ಚೀನೀ ಕೂಲಿಗಳ ವಿಷಯವನ್ನೇ ಮಾತನಾಡುತ್ತಿದ್ದರು.

ಬೋಡಿ ಪ್ರಿಯ
ಬೋಡಿಗೆ ಹೋದಿರಾ?

ಹೇಮಾವತಿ ದಡ
ಹೋದೆವು, ಮರುದಿನ. ಕೊನೆಯ ಐದು ಕಿ.ಮೀ. ಮಣ್ಣಿನ ರಸ್ತೆಯಲ್ಲಿ ಅಮ್ಮ ಬೈದರು. ಶಾಲೆಯ ಕಿಟಕಿಯಿಂದ ಕಪ್ಪುಹಲಗೆ ನೋಡಿ ಅಪ್ಪ ಖುಷಿಪಟ್ಟರು. ಆದರೆ ಅವರಿಗೆ ಹೆಚ್ಚು ಹಿಡಿಸಿದ್ದು ಬೆನೆಟ್‌ವಿಲ್.

ಬಿಡುವಿಲ್ಲದವ
ಸೊಳ್ಳೆ ಇತ್ತೇ?

ಹೇಮಾವತಿ ದಡ
ಕೆರೆಯ ಹತ್ತಿರ ಇತ್ತು. ಮನೆಗಳ ಬಳಿ ಗಾಳಿ ಜೋರಾಗಿತ್ತು, ಅಲ್ಲಿ ಒಂದೂ ಇರಲಿಲ್ಲ.